ಬರುವ ಕೂಸು, ನಡುಗುವ ಮನೆ

ನಮ್ಮ ನುಡಿಯಲ್ಲಿ 'ವಿಶೇಷ' ಎಂಬ ಮಾತೊಂದುಂಟು. ಶಾಸ್ತ್ರಗ್ರಂಥಗಳಲ್ಲಿ ಅದರ ಅರ್ಥವೇ ಬೇರೆ. ಷಡ್ದರ್ಶನಗಳಲ್ಲಿ ಒಂದಾದ ವೈಶೇಷಿಕವು ತನ್ನ ಹೆಸರನ್ನೇ ಅದರಿಂದ ಪಡೆದಿದೆ. ಆದರೆ ಗೃಹಸ್ಥರ ಮನೆಗಳಲ್ಲಿ ಅದಕ್ಕೆ ಇರುವ ಅರ್ಥ ಒಂದೇ. ಮದುವೆಯಾಗಿ ವರ್ಷ ತುಂಬಿದ ಸೊಸೆ ಜಾತ್ರೆಗೋ ನೆರೆಮನೆಯ ಕುಬಸದ ಕಾರ್ಯಕ್ಕೋ ಹೋದಾಗ ಹಿರಿಯ ಹೆಣ್ಣುಮಗಳೊಬ್ಬಳು ಆಕೆಯ ಗಲ್ಲ ಹಿಡಿದು, "ಏನವಾ, ಏನರ ವಿಶೇಷ ಐತೇನು?" ಎಂದು ಕೇಳುತ್ತಾಳೆ. ಕೇಳಿದವಳಿಗೆ ಅದು ಅಂತಃಕರಣದ ಮಾತು. ಕೇಳಿಸಿಕೊಂಡವಳಿಗೆ ಅದು ಪರೀಕ್ಷೆಯ ಫಲಿತಾಂಶವನ್ನು ನಾಲ್ಕು ಜನರ ನಡುವೆ ಹೇಳೆಂದಂತೆ. ವರ್ಷಕ್ಕೊಮ್ಮೆ ಈ ಪ್ರಶ್ನೆಯ ಧ್ವನಿ ಬದಲಾಗುತ್ತ ಹೋಗುತ್ತದೆ. ಮೊದಲನೆಯ ವರ್ಷ ನಗೆ, ಎರಡನೆಯ ವರ್ಷ ಕುತೂಹಲ, ಐದನೆಯ ವರ್ಷ ಮೌನ. ಆ ಮೌನವೇ ಎಲ್ಲಕ್ಕಿಂತ ಕಠೋರವಾದ ಪ್ರಶ್ನೆ.

ಕೂಸು ಬಾರದಿದ್ದರೆ ಮನೆಗೆ ಒಂದು ಭಯ; ಬರುತ್ತದೆಂದು ತಿಳಿದ ಗಳಿಗೆಯಿಂದ ಇನ್ನೊಂದು ಭಯ. ಗಂಡೋ ಹೆಣ್ಣೋ, ಪಗಾರ ಸಾಲುವುದೋ ಇಲ್ಲವೋ, ಯಾರನ್ನು ಹೋತೀತು, ನಾಲ್ಕು ಜನ ಏನೆಂದಾರು ಎಂದು ಇನ್ನೂ ಕಣ್ಣು ತೆರೆಯದ ಜೀವದ ಸುತ್ತ ಮನೆಯವರ ಚಿಂತೆಗಳೆಲ್ಲ ಬಂದು ಕೂಡುತ್ತವೆ. ಇಂಥ ಚಿಂತೆಯನ್ನು ಉಪದೇಶದಿಂದ ಬಿಡಿಸುವುದು ಕಷ್ಟ. ನಗೆಯಿಂದ ಬಿಡಿಸಬಹುದೇನೋ ಎಂದು ನಮ್ಮ ನಾಟಕಕಾರರು ಪ್ರಯತ್ನಿಸಿದ್ದಾರೆ. ಆ ನಗೆ ಬೆಳಕಿನ ನಗೆಯಲ್ಲ. ಕತ್ತಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಬರುವ ನಗೆ. ಅಂಥ ಒಂದು ನಾಟಕವಾದ ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯನ್ನು ಮುಂದಿಟ್ಟುಕೊಂಡು ಈ ತಿಂಗಳು ನಾಲ್ಕು ಮಾತು ಬರೆಯಬೇಕೆನಿಸಿದೆ. 'ಅದು ಸಂಸಾರವಂದಿಗರು ನೋಡುವ ನಾಟಕವಲ್ಲ' ಎಂದು ಮೂಗು ಮುರಿಯುವವರು ನಮ್ಮಲ್ಲಿ ಇದ್ದಾರೆ. ಅದು ಸಂಸಾರವಂದಿಗರಿಗಾಗಿಯೇ ಬರೆದ ನಾಟಕವೆಂಬುದು ನನ್ನ ಅಭಿಪ್ರಾಯ.

ಕಂಬಾರರು 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಜನಿಸಿದರು. ಬಡತನದಿಂದ ಓದು ನಿಲ್ಲುವ ಹಂತಕ್ಕೆ ಬಂದಾಗ ಅವರ ವಿದ್ಯಾಭ್ಯಾಸದ ಭಾರವನ್ನು ಹೊತ್ತವರು ಸಾವಳಗಿ ಮಠದ ಶ್ರೀ ಸಿದ್ಧರಾಮ ಸ್ವಾಮಿಗಳು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿ, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಬಯಲಾಟ, ಸಣ್ಣಾಟಗಳ ಹಿಮ್ಮೇಳವನ್ನೂ ನಮ್ಮ ಭಾಗದ ಆಡುಮಾತನ್ನೂ ಹೊಸ ನಾಟಕಕ್ಕೆ ತಂದವರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ. 'ಜೋಕುಮಾರಸ್ವಾಮಿ' 1972ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನಲ್ಲಿ ರಂಗವನ್ನೇರಿತು. ಘಟಪ್ರಭೆಯ ದಂಡೆಯ ಮಾತು ರಾಜಧಾನಿಯ ಓದಿದ ಜನರ ಮುಂದೆ ನಿಂತಿತು.

ನಾಟಕದ ಬೇರು ನಮ್ಮ ಹಳ್ಳಿಗಳ ಆಚರಣೆಯಲ್ಲಿದೆ. ಗಣೇಶ ಚತುರ್ಥಿಯ ನಂತರ ಭಾದ್ರಪದದ ಅಷ್ಟಮಿಯಂದು ಜೋಕುಮಾರ ಹುಟ್ಟುತ್ತಾನೆ. ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿ ಬೇವಿನ ತಪ್ಪಲಿನ ನಡುವೆ ಕೂಡ್ರಿಸಿ, ತುಟಿಗೆ ಬೆಣ್ಣೆ ಹಚ್ಚಿ, ಅಂಬಿಗ ಸಮಾಜದ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ಬಂದು ಹಾಡುತ್ತಾರೆ. ಮನೆಯವರು ಜೋಳ, ಮೆಣಸಿನಕಾಯಿ ನೀಡುತ್ತಾರೆ. ಆತನ ಆಯುಷ್ಯ ಏಳೇ ದಿನ. ಹುಣ್ಣಿಮೆಯ ಹೊತ್ತಿಗೆ ಆತನ ಕೊಲೆಯಾಗುತ್ತದೆ. ಕಥೆಯಲ್ಲಿ ಆತನನ್ನು ಕೊಂದವರು ಮಡಿವಾಳರು. ಆತ ಶೀಲವಂತನಲ್ಲ, ಊರ ಹೆಣ್ಣುಗಳ ಮೇಲೆ ಕಣ್ಣಿಟ್ಟವನು. ಆದರೂ ಮಳೆ ಬರುವುದು ಆತನಿಂದ, ಬೆಳೆ ಏಳುವುದು ಆತನಿಂದ, ಮಕ್ಕಳಿಲ್ಲದವರಿಗೆ ಮಕ್ಕಳಾಗುವುದು ಆತನಿಂದ ಎಂಬ ನಂಬಿಕೆ. ಗಣಪತಿ ಉಂಡು ಹೋಗಿ ಶಿವನಿಗೆ ಭೂಲೋಕದ ಸುಖವನ್ನು ವರದಿ ಮಾಡುತ್ತಾನೆ, ಜೋಕುಮಾರ ಹೋಗಿ ಬಡವರ ಕಷ್ಟವನ್ನು ಹೇಳುತ್ತಾನೆ ಎಂದು ಹಳ್ಳಿಯವರು ವಿವರಿಸುವುದುಂಟು. ನಮ್ಮ ಇಷ್ಟಲಿಂಗ ನಿಷ್ಠೆಗೂ ಈ ಆಚರಣೆಗೂ ಸಂಬಂಧವಿಲ್ಲ. ಆದರೆ ಒಕ್ಕಲುತನದ ಮನೆಗಳಲ್ಲಿ ಬೆಳೆದವರಾರೂ ಆ ಬುಟ್ಟಿಯನ್ನು ಕಾಣದೆ ಬೆಳೆದವರಲ್ಲ.

ಇನ್ನು ನಾಟಕದ ಕಥೆ. ಊರಿಗೊಬ್ಬ ಗೌಡ. ಕೈಯಲ್ಲಿ ಬಂದೂಕು, ಬಾಯಲ್ಲಿ ಬಡಾಯಿ. ಊರ ಹೊಲಗಳನ್ನೂ ಊರ ಹೆಣ್ಣುಗಳನ್ನೂ ತನ್ನವೆಂದು ತಿಳಿದವನು. ಮನೆಯಲ್ಲಿ ಹೆಂಡತಿ ಗೌಡ್ತಿಗೆ ಮಾತ್ರ ಮದುವೆಯಾಗಿ ವರ್ಷಗಳೇ ಉರುಳಿದರೂ ಮಡಿಲು ತುಂಬಿಲ್ಲ. ಬಂಜೆ ಎಂಬ ಹೆಸರು ಆಕೆಗೆ. ಕೊರತೆ ಇರುವುದು ಗೌಡನಲ್ಲಿ. ಬಂದೂಕಿನ ಸದ್ದು ಎಷ್ಟು ದೊಡ್ಡದೋ ಒಳಗಿನ ಬರಿದು ಅಷ್ಟೇ ದೊಡ್ಡದು. ಪ್ರೇಕ್ಷಕರು ಗೌಡನ ಪ್ರತಿಯೊಂದು ಗರ್ಜನೆಗೂ ನಗುವುದು ಈ ಕಾರಣಕ್ಕಾಗಿ. ಪಡವಲಕಾಯಿಯನ್ನು ಜೋಕುಮಾರಸ್ವಾಮಿಯೆಂದು ಪೂಜಿಸಿ, ಅಡಿಗೆ ಮಾಡಿ ಗಂಡನಿಗೆ ಉಣಿಸಿದರೆ ಮಕ್ಕಳಾಗುತ್ತವೆಂಬ ನಂಬಿಕೆಯನ್ನು ಹಿಡಿದು ಗೌಡ್ತಿ ಹೊರಡುತ್ತಾಳೆ. ಅದಕ್ಕಾಗಿ ವಾಡೆಯ ಹೊಸ್ತಿಲು ದಾಟಿ, ಊರು ಸೂಳೆಯೆಂದು ಕರೆಯುವ ಹೆಣ್ಣಿನ ಮನೆಗೂ ಹೋಗುತ್ತಾಳೆ. ಕುಲೀನಳು ಕುಲಹೀನಳೆನಿಸಿದವಳ ಮುಂದೆ ಸೆರಗೊಡ್ಡಿ ನಿಲ್ಲುವ ಆ ಸಂದರ್ಭದಲ್ಲಿ ನಗೆ ತಟ್ಟನೆ ನಿಲ್ಲುತ್ತದೆ.

ಗೌಡನೂ ಬಸಣ್ಣನೆಂಬ ತರುಣ ಒಕ್ಕಲಿಗನೂ ಒಂದು ಹೊಲಕ್ಕಾಗಿ ಹೋರಾಡುತ್ತಿದ್ದಾರೆ. ಅದನ್ನು ಊರವರು ದೆವ್ವದ ಹೊಲವೆನ್ನುತ್ತಾರೆ. ಗಂಡ ಆ ರಾತ್ರಿ ಹೊಲದಲ್ಲಿದ್ದಾನೆಂದು ತಿಳಿದು ಗೌಡ್ತಿ ಕತ್ತಲೆಯಲ್ಲಿ ಅಡಿಗೆಯನ್ನು ಹೊತ್ತು ಅಲ್ಲಿಗೆ ಹೋಗುತ್ತಾಳೆ. ಉಂಡವನು ಗೌಡನಲ್ಲ, ಬಸಣ್ಣ. ತಪ್ಪು ತಿಳಿಯುವ ಹೊತ್ತಿಗೆ ಗೌಡ್ತಿಯ ಮನಸ್ಸೂ ಹಳೆಯ ದಾರಿಯನ್ನು ಬಿಟ್ಟಿರುತ್ತದೆ. ಆಕೆ ಗರ್ಭಿಣಿಯಾಗುತ್ತಾಳೆ. ಯಾವ ಸುದ್ದಿಗಾಗಿ ವಾಡೆ ವರ್ಷಗಟ್ಟಲೆ ಹಂಬಲಿಸಿತೋ ಅದೇ ಸುದ್ದಿ ವಾಡೆಯನ್ನು ಬುಡಸಮೇತ ಅಲುಗಿಸುತ್ತದೆ. ಲೋಕದಲ್ಲಿ ಒಬ್ಬನಿಗೆ ಮಾತ್ರ ಆ ಕೂಸು ತನ್ನದಲ್ಲವೆಂದು ಖಚಿತವಾಗಿ ಗೊತ್ತು; ಅದನ್ನು ಬಾಯಿಬಿಟ್ಟು ಹೇಳಿದರೆ ತನ್ನ ಗಂಡಸುತನದ ಗುಟ್ಟು ತಾನೇ ಒಡೆದಂತೆ. ಇದಕ್ಕಿಂತ ಕಹಿಯಾದ ಹಾಸ್ಯವನ್ನು ಕಲ್ಪಿಸುವುದು ಕಠಿಣ. ಉತ್ತರ ಸಿಗದ ಗೌಡ ಬಂದೂಕಿನ ಮೊರೆ ಹೋಗುತ್ತಾನೆ. ಬಸಣ್ಣ ಜೋಕುಮಾರನಂತೆಯೇ ಕೊಲೆಯಾಗುತ್ತಾನೆ. ಕೂಸು ಗೌಡ್ತಿಯ ಬಸಿರಿನಲ್ಲಿ ಉಳಿಯುತ್ತದೆ.

ಇದರಲ್ಲಿ ಶೃಂಗಾರದ ಮಾತುಗಳಿವೆ, ಒರಟು ಮಾತುಗಳೂ ಇವೆ, ಅಲ್ಲಗಳೆಯಲಾರೆ. ಆದರೆ ಅಶ್ಲೀಲವೆಂಬುದು ಮಾತಿನಲ್ಲಿ ಇರುವುದಕ್ಕಿಂತ ಉದ್ದೇಶದಲ್ಲಿ ಇರುತ್ತದೆ. ಗಂಡನ ಕೊರತೆಗೆ ಹೆಂಡತಿಯನ್ನು ಬಂಜೆಯೆಂದು ಕರೆದು, ಮುತ್ತೈದೆಯರ ಸಾಲಿನಿಂದ ಆಕೆಯನ್ನು ಹಿಂದೆ ಸರಿಸಿ, ಎರಡನೆಯ ಮದುವೆಯ ಮಾತನ್ನು ಆಕೆಯ ಎದುರಿಗೇ ತೆಗೆಯುವುದು ಸಭ್ಯವಾದ ಮಾತುಗಳಲ್ಲಿಯೇ ನಡೆಯುತ್ತದೆ. ಅದು ಅಶ್ಲೀಲವಲ್ಲವೆ? ನಾಟಕ ಒರಟು ಮಾತಿನಿಂದ ಆ ಸಭ್ಯತೆಯ ಹಚ್ಚಡವನ್ನು ಎಳೆಯುತ್ತದೆ. ಎಳೆದಾಗ ನಾಚಬೇಕಾದವರು ಯಾರೆಂಬುದನ್ನು ಪ್ರೇಕ್ಷಕರೇ ನಿರ್ಣಯಿಸಬೇಕು.

ನಾಟಕಕ್ಕೆ ಇನ್ನೊಂದು ಅರ್ಥಸ್ತರವಿದೆ. ಹೊಲ ಯಾರದು, ಹೆಸರಿನ ಒಡೆಯನದೋ ಬೆವರು ಹರಿಸಿ ಉತ್ತವನದೋ ಎಂಬ ಪ್ರಶ್ನೆ. ಅದು ರಂಗದ ಮೇಲೆ ಬಂದ ಎರಡು ವರ್ಷಗಳಲ್ಲಿ, 1974ರ ಮಾರ್ಚ್ 1ರಿಂದ, ಕರ್ನಾಟಕದ ಭೂಸುಧಾರಣಾ ಕಾಯದೆಯ ತಿದ್ದುಪಡಿ ಜಾರಿಗೆ ಬಂದಿತು. ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂದು, ಗೇಣಿದಾರರು 7ನೆಯ ನಮೂನೆಯ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ಹಕ್ಕು ಕೇಳುವಂತಾಯಿತು. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯ ಕಾಲವದು. ಭೂಮಿಯನ್ನು ಕಳೆದುಕೊಂಡ ಮನೆಗಳೂ ಪಡೆದುಕೊಂಡ ಮನೆಗಳೂ ನಮ್ಮ ಸಮಾಜದಲ್ಲಿ ಇವೆ; ಈ ಪುಟವನ್ನು ಎರಡೂ ಕಡೆಯವರು ಓದುತ್ತಾರೆ. ನಾಟಕ ಯಾರ ಪಕ್ಷವೆಂಬುದರಲ್ಲಿ ಸಂದೇಹವಿಲ್ಲ: ಬಿತ್ತಿದವನದೇ ಬೆಳೆ.

ಇಲ್ಲಿ ನನ್ನದೊಂದು ತಕರಾರಿದೆ. ಹೊಲದ ವಿಷಯದಲ್ಲಿ ಆ ನ್ಯಾಯ ಒಪ್ಪತಕ್ಕದ್ದೇ. ಆದರೆ ಹೆಣ್ಣು ಹೊಲವಲ್ಲ. ಹೊಲಕ್ಕೂ ಗರ್ಭಕ್ಕೂ ಹೋಲಿಕೆ ಕೊಟ್ಟು, ಬೀಜ ಯಾರದು, ಒಡೆತನ ಯಾರದು ಎಂದು ಕೇಳುವ ಪದ್ಧತಿ ಧರ್ಮಶಾಸ್ತ್ರಗಳಷ್ಟು ಹಳೆಯದು. ಅಲ್ಲಿ ಹೆಣ್ಣಿಗೆ ಕ್ಷೇತ್ರವೆಂದೇ ಹೆಸರು. ನಾಟಕ ಒಡೆಯನನ್ನು ಬದಲಾಯಿಸಿದೆಯೇ ಹೊರತು ಹೋಲಿಕೆಯನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಗೌಡ ಸೋತ, ಬಸಣ್ಣ ಸತ್ತೂ ಗೆದ್ದ. ಒಂಬತ್ತು ತಿಂಗಳು ಹೊತ್ತು ಮುಂದೆ ಆ ಕೂಸನ್ನು ಸಾಕಬೇಕಾದವಳ ನಾಳೆ ಏನೆಂಬುದು ತೆರೆಯ ಹಿಂದೆಯೇ ಉಳಿಯುತ್ತದೆ. ಗೌಡ್ತಿಯ ನೋವನ್ನು ಅಷ್ಟು ಚೆನ್ನಾಗಿ ಬಲ್ಲ ನಾಟಕಕ್ಕೆ ಆಕೆಯ ನಾಳೆಯನ್ನೂ ಕೇಳುವ ಶಕ್ತಿ ಇತ್ತು ಎಂಬುದರಿಂದಲೇ ಈ ತಕರಾರು.

ಇದೇ ಬಗೆಯ ಇನ್ನೊಂದು ನಾಟಕದೊಡನೆ ಇಟ್ಟು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು (1938-2019) ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಯನ್ನು ಆಧರಿಸಿ ಬರೆದದ್ದು 'ನಾಗಮಂಡಲ'. 1997ರಲ್ಲಿ ನಾಗಾಭರಣರು ಅದನ್ನು ಚಲನಚಿತ್ರವಾಗಿಯೂ ತಂದರು. ಅಲ್ಲಿಯ ಗಂಡ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ, ಮಧ್ಯಾಹ್ನದ ಊಟಕ್ಕಷ್ಟೇ ಬಂದು ಹೋಗುತ್ತಾನೆ. ರಾತ್ರಿ ನಾಗರಹಾವು ಅವನದೇ ರೂಪದಲ್ಲಿ ಬರುತ್ತದೆ. ಮುಗ್ಧೆ ರಾಣಿಗೆ ಇಬ್ಬರೂ ಒಬ್ಬನೇ. ಆಕೆ ಬಸಿರಾದಾಗ ಅಪ್ಪಣ್ಣ ಪಂಚರನ್ನು ಕೂಡಿಸುತ್ತಾನೆ. ರಾಣಿ ಹುತ್ತದಲ್ಲಿ ಕೈಯಿಟ್ಟು ನಾಗರವನ್ನು ಹಿಡಿದು, ಗಂಡನನ್ನೂ ಈ ನಾಗರವನ್ನೂ ಬಿಟ್ಟು ಬೇರೆ ಗಂಡನ್ನು ಮುಟ್ಟಿಲ್ಲವೆಂದು ಆಣೆ ಮಾಡುತ್ತಾಳೆ. ಆಣೆ ಅಕ್ಷರಶಃ ನಿಜ! ಹಾವು ಕಚ್ಚುವುದಿಲ್ಲ, ಹೆಡೆಯೆತ್ತುತ್ತದೆ. ಜನ ಆಕೆಯನ್ನು ದೇವಿಯೆಂದು ಕಾಲಿಗೆ ಬೀಳುತ್ತಾರೆ. ಗಂಡನೂ ಬೀಳುತ್ತಾನೆ. ತಾನು ಆಕೆಯ ಬಳಿ ಸುಳಿದಿಲ್ಲವೆಂಬುದು ಅವನಿಗೆ ಗೊತ್ತು. ಆದರೆ ಊರೇ ದೇವಿಯೆಂದಮೇಲೆ ಅವನ ಸತ್ಯವನ್ನು ಕೇಳುವವರಾರು?

ಎರಡು ನಾಟಕಗಳಲ್ಲಿಯೂ ಬರುವ ಕೂಸಿಗಾಗಿ ಪಂಚಾಯಿತಿ ಕೂಡಿದೆ. ಒಂದು ಕಡೆ ಬಂದೂಕು ತೀರ್ಪು ಕೊಟ್ಟಿತು, ಇನ್ನೊಂದು ಕಡೆ ಹಾವು ಕೊಟ್ಟಿತು. ಒಬ್ಬ ಗಂಡ ಕೊಂದ, ಇನ್ನೊಬ್ಬ ಕೈಮುಗಿದ. ಆದರೆ ಇಬ್ಬರೂ ಕಾಪಾಡಲು ಹೊರಟದ್ದು ಒಂದನ್ನೇ, ತಮ್ಮ ಹೆಸರನ್ನು. ಕೂಸಿನ ಕ್ಷೇಮ ಯಾರ ಬಾಯಿಯಲ್ಲೂ ಬರಲಿಲ್ಲ. 'ನಿನಗೆ ಭಯವಾಗಿದೆಯೇನು?' ಎಂದು ಬಸುರಿಯನ್ನು ಯಾರೂ ಕೇಳಲಿಲ್ಲ. ಗರ್ಭಿಣಿಯನ್ನು ಬಂಜೆಯೆಂದು ಹೀಗಳೆಯುವುದೂ ಆಗುವುದಿಲ್ಲ, ಮನುಷ್ಯಳೆಂದು ಮಾತನಾಡಿಸುವುದೂ ಆಗುವುದಿಲ್ಲ. ಆದ್ದರಿಂದ ದೇವಿಯನ್ನಾಗಿ ಮಾಡಿಬಿಟ್ಟರು.

ಇವೆಲ್ಲ ಗೌಡರ ವಾಡೆಯ ಕಥೆಗಳು, ಹಾವಿನ ಕಥೆಗಳು. ಓದಿದವರ ಮನೆಗೆ ಇವುಗಳ ಸಂಬಂಧವೇನು ಎನ್ನಬಹುದು. ಅದೇ ಕಾರ್ನಾಡರು 2011ರಲ್ಲಿ ಪ್ರಕಟಿಸಿದ ಆತ್ಮಕಥೆ 'ಆಡಾಡತ ಆಯುಷ್ಯ'ದ ಆರಂಭವನ್ನು ಓದಿ ನೋಡಬೇಕು. ಮಗ ಹೆಸರುವಾಸಿಯಾದ ಮೇಲೆ ಒಂದು ದಿನ ಧಾರವಾಡದ ಮನೆಯಲ್ಲಿ ಊಟದ ಹೊತ್ತಿಗೆ ತಾಯಿ ಸಹಜವಾಗಿ ಒಂದು ಸಂಗತಿಯನ್ನು ಹೇಳಿದರು. ಈ ಮಗ ಗರ್ಭದಲ್ಲಿದ್ದಾಗ, ಇರುವ ಮಕ್ಕಳು ಸಾಕೆನಿಸಿ, ಗರ್ಭವನ್ನು ತೆಗೆಸಲು ದಂಪತಿಗಳಿಬ್ಬರೂ ಪುಣೆಯ ದವಾಖಾನೆಯೊಂದಕ್ಕೆ ಹೋಗಿದ್ದರು. ವೈದ್ಯೆ ಹೇಳಿದ ವೇಳೆಗೆ ಬರಲಿಲ್ಲ. ಕಾದು ಕಾದು ಬೇಸತ್ತು ಮರಳಿ ಬಂದರು, ಮತ್ತೆ ಹೋಗಲಿಲ್ಲ. ಅಷ್ಟೇ. ಒಬ್ಬರು ತಡಮಾಡಿದ್ದರಿಂದ ಕನ್ನಡಕ್ಕೆ ಒಬ್ಬ ನಾಟಕಕಾರ ಉಳಿದ. ಕಾರ್ನಾಡರು ಆ ಪುಸ್ತಕವನ್ನು ಆ ವೈದ್ಯೆಗೇ ಅರ್ಪಿಸಿದರು.

ನಕ್ಕು ಮುಗಿಸುವ ಮುನ್ನ ಆ ದಂಪತಿಗಳನ್ನು ನೆನೆಯಬೇಕು. ತಂದೆ ವೈದ್ಯರು. ತಾಯಿ ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ, ಮಗುವನ್ನು ಕಟ್ಟಿಕೊಂಡು ದಾದಿಯ ತರಬೇತಿ ಪಡೆದು, ಆ ಕಾಲದ ಸಮಾಜವನ್ನು ಎದುರಿಸಿ ಮರುವಿವಾಹವಾದವರು. ಇವರು ಅಂತಃಕರಣವಿಲ್ಲದವರೇ? ಸರ್ವಥಾ ಅಲ್ಲ. ಬರುವ ಕೂಸಿಗೆ ಅಂಜಿದವರೆಲ್ಲ ಕೆಟ್ಟ ತಂದೆತಾಯಿಗಳಲ್ಲ. ಪಗಾರ, ವರ್ಗಾವಣೆ, ಇರುವ ಮಕ್ಕಳ ಓದು ಇವುಗಳನ್ನು ಲೆಕ್ಕಹಾಕಿ ನಡುಗುವುದು ಮಧ್ಯಮ ವರ್ಗದ ಮನೆಯ ನಿತ್ಯದ ಪಾಡು. ಆ ಮನೆಯನ್ನು ಗೌಡನ ವಾಡೆಯಿಂದ ಬೇರೆ ಮಾಡುವುದು ಎರಡು ಸಂಗತಿಗಳು: ಭಯವನ್ನು ಗಂಡಹೆಂಡಿರು ಕೂಡಿಯೇ ಹೊತ್ತರು, ಮುಂದೊಂದು ದಿನ ತಾಯಿ ಅದನ್ನು ಮಗನ ಎದುರಿಗೇ ಮುಚ್ಚುಮರೆಯಿಲ್ಲದೆ ಹೇಳಿದಳು. ಬಾಯಿಬಿಟ್ಟು ಹೇಳಿದ ಭಯ ಮನೆಯನ್ನು ಒಡೆಯುವುದಿಲ್ಲ. ಹೇಳದೆ ಮುಚ್ಚಿಟ್ಟ ಭಯವೇ ಬಂದೂಕಾಗುತ್ತದೆ.

ಈಗ ನಮ್ಮ ಮನೆಗಳಿಗೆ ಬರೋಣ. ಹುಬ್ಬಳ್ಳಿ-ಧಾರವಾಡದಲ್ಲಿ ಇಂದು ಸಂತಾನ ಚಿಕಿತ್ಸೆಯ ಆಸ್ಪತ್ರೆಗಳಿವೆ. ಹರಕೆಯ ಜೊತೆಗೆ ಔಷಧಿಯೂ ದೊರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯಂತೆ ಲೋಕದಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಜೀವಿತದಲ್ಲಿ ಒಮ್ಮೆಯಾದರೂ ಈ ತೊಂದರೆಯನ್ನು ಅನುಭವಿಸುತ್ತಾರೆ. 12 ತಿಂಗಳು ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ತಪಾಸಣೆ ಮಾಡಿಸುವುದು ಯೋಗ್ಯವೆಂದು ವೈದ್ಯರ ಮತ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಆತನ ಪರೀಕ್ಷೆ ಸುಲಭವಾದುದು, ನೋವಿಲ್ಲದುದು. ಹೆಣ್ಣಿನ ಪರೀಕ್ಷೆಗಳು ಹಲವು, ಕೆಲವು ನೋವಿನವು. ಆದರೂ ಮೊದಲು ಪರೀಕ್ಷೆಗೆ ನಿಲ್ಲುವವಳು ಹೆಣ್ಣುಮಗಳೇ. ಗಂಡ 'ನನಗೇನಾಗಿದೆ?' ಎಂದು ಗುಟಕಾ ಅಗಿಯುತ್ತ ಹೊರಗೆ ನಿಂತಿರುತ್ತಾನೆ. ಅದೇ ತಂಬಾಕು ಬೀಜವನ್ನು ಕೆಡಿಸುತ್ತದೆಂದು ಆತನಿಗೆ ಹೇಳುವವರಿಲ್ಲ. ಗೌಡನ ಬಂದೂಕು ಇನ್ನೂ ಗೂಟಕ್ಕೆ ತೂಗಿಲ್ಲ!

ಕೂಸು ಬಂದಮೇಲಿನ ಮಾತೂ ಹಾಗೆಯೇ. ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ತಂದೆಯ ಬೀಜದಿಂದ ನಿರ್ಧಾರವಾಗುತ್ತದೆಂದು ಶಾಲೆಯ ಪುಸ್ತಕದಲ್ಲಿಯೇ ಇದೆ. ಮೂರನೆಯದೂ ಹೆಣ್ಣೆಂದು ಬೈಸಿಕೊಳ್ಳುವವಳು ತಾಯಿ. ಗರ್ಭದಲ್ಲಿ ಲಿಂಗ ಪತ್ತೆ ಮಾಡಿ ಹೆಣ್ಣನ್ನು ಅಳಿಸುವುದನ್ನು ತಡೆಯಲು 1994ರಲ್ಲಿ ಕಾಯದೆಯನ್ನೇ ಮಾಡಬೇಕಾಗಿ ಬಂದದ್ದು ಓದಿದವರ ನಾಡಿನಲ್ಲಿ ಎಂಬುದನ್ನು ಮರೆಯಬಾರದು.

ಶರಣ ಪರಂಪರೆಯವರಾದ ನಮಗೆ ಈ ವಿಷಯದಲ್ಲಿ ಬೇರೆ ಬೆಳಕು ಹುಡುಕುವ ಅಗತ್ಯವಿಲ್ಲ. ಜನನ ಸೂತಕವನ್ನು ಶರಣರು ಮಾನ್ಯ ಮಾಡಲಿಲ್ಲ. ಹೆರಿಗೆಯನ್ನು ಮೈಲಿಗೆಯೆಂದು ಕರೆಯಲು ಒಪ್ಪಲಿಲ್ಲ. ಕೂಸು ಗರ್ಭದಲ್ಲಿರುವಾಗಲೇ ಅದಕ್ಕೆ ಲಿಂಗಸಂಸ್ಕಾರ ನೀಡುವ ಪದ್ಧತಿ ನಮ್ಮಲ್ಲಿದೆ. ಅದರ ಅರ್ಥವನ್ನು ವಿಚಾರಿಸಿ. ಅದು ಗಂಡೋ ಹೆಣ್ಣೋ ತಿಳಿಯದು, ಕಪ್ಪೋ ಕೆಂಪೋ ತಿಳಿಯದು, ಮುಂದೆ ಬುದ್ಧಿವಂತನಾಗುವುದೋ ಪೆದ್ದನಾಗುವುದೋ ತಿಳಿಯದು. ಏನೂ ತಿಳಿಯದೆಯೇ, ಏನನ್ನೂ ಕೇಳದೆಯೇ ಅದನ್ನು ನಮ್ಮದೆಂದು ಒಪ್ಪಿಕೊಳ್ಳುತ್ತೇವೆ. ಇಂಥ ಸಂಸ್ಕಾರವನ್ನು ಪಡೆದ ಮನೆಯಲ್ಲಿಯೇ 'ಈ ಸಲವಾದರೂ ಗಂಡಾಗಲಿ' ಎಂಬ ಮಾತು ಕೇಳಿಬಂದರೆ ಆ ಸಂಸ್ಕಾರ ಬರಿಯ ವಿಧಿಯಾಯಿತೆಂದೇ ತಿಳಿಯಬೇಕು.

ಮಡಿಲು ತುಂಬದ ತಾಯಂದಿರಿಗೂ ಒಂದು ಮಾತು. ಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದಾಗ ಅನುಭವ ಮಂಟಪದ ಹಿರಿಯರು ಆಕೆಯನ್ನು ಕಠಿಣವಾಗಿಯೇ ಪರೀಕ್ಷಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅವರು ಪರೀಕ್ಷಿಸಿದ್ದು ಆಕೆಯ ಅರಿವನ್ನು, ವೈರಾಗ್ಯವನ್ನು. ಎಷ್ಟು ಮಕ್ಕಳ ತಾಯಿ ಎಂದು ಅಳೆಯಲಿಲ್ಲ. ಕೊನೆಗೆ ಎಲ್ಲರೂ ಆಕೆಯನ್ನು ಅಕ್ಕನೆಂದರು. ತೊಟ್ಟಿಲು ತೂಗದೆಯೂ ಹೆಣ್ಣಿಗೆ ಸಲ್ಲುವ ಅತ್ಯಂತ ದೊಡ್ಡ ಹೆಸರು ನಮ್ಮ ಚರಿತ್ರೆಯಲ್ಲಿ ಅದೇ.

ಆದ್ದರಿಂದ ಸದ್ಭಕ್ತರಲ್ಲಿ ನನ್ನ ವಿನಂತಿ ಇಷ್ಟು. 'ಜೋಕುಮಾರಸ್ವಾಮಿ' ನಮ್ಮ ಅವಳಿ ನಗರದಲ್ಲಿ ಆಡುವುದು ತಿಳಿದರೆ ಗಂಡಹೆಂಡಿರು ಕೂಡಿಯೇ ಹೋಗಿ ನೋಡಿರಿ. ಬೆಳೆದ ಮಕ್ಕಳನ್ನೂ ಕರೆದೊಯ್ಯಿರಿ. ಗೌಡನನ್ನು ಕಂಡು ಮನಸಾರೆ ನಗಿರಿ. ನಕ್ಕಮೇಲೆ ಆ ಗೌಡ ನಮ್ಮ ಮನೆಯ ಯಾವ ಮೂಲೆಯಲ್ಲಿ ಅಡಗಿದ್ದಾನೆಂದು ಒಮ್ಮೆ ಹುಡುಕಿರಿ. ಮುಂದೆ ಯಾವ ಸೊಸೆ ಎದುರಾದರೂ 'ವಿಶೇಷವೇನು?' ಎಂದು ಕೇಳುವ ಬದಲು 'ಆರಾಮ ಇದ್ದೀಯೇನವಾ?' ಎಂದು ಕೇಳುವ ರೂಢಿ ನಮ್ಮ ಮನೆಗಳಲ್ಲಿ ಬೆಳೆಯಲಿ. ಬರುವ ಕೂಸು ಬಂದೇ ಬರುತ್ತದೆ, ಬಾರದಿದ್ದರೆ ಅದೂ ಬಾಳೇ. ಎರಡಕ್ಕೂ ಸಮನಾಗಿ ಬಾಗಿಲು ತೆರೆದಿರುವ ಮನೆಯೇ ಮಹಾಮನೆ.